ಗುಡ್ಡದ ಬಸ್ಸು, ನಿಧಾನಮ್ಮ ಮತ್ತು ನಮ್ಮಾಕೆ

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಬಡಾವಣೆಯ ಶಾಲೆಯ ಮುಖ್ಯೋಪಾಧ್ಯಾಯಿನಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಗರಸಭೆಯ ಸಾರಿಗೆ ಅಧಿಕಾರಿಗಳೇ, ನಮ್ಮೆಲ್ಲರ ಜೀವವನ್ನು ಇಷ್ಟು ವರ್ಷ ಎರಡು ಕೈಯಲ್ಲಿ ಹಿಡಿದುಕೊಂಡು ಗುಡ್ಡ ಹತ್ತಿಸಿ ಇಳಿಸಿ, ಈ ತಿಂಗಳು ನಿವೃತ್ತರಾಗುತ್ತಿರುವ ಬಸ್ ಚಾಲಕಿ ನಿಧಾನಮ್ಮನವರೇ, ಮುಂದಿನ ಸಾಲಿನಲ್ಲಿ ಕೂತು ಈಗಲೇ ಗಡಿಯಾರ ತೋರಿಸುತ್ತಿರುವ ನನ್ನ ಷಡ್ಡಕರೇ, ಮತ್ತು ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡಿ ಇಲ್ಲಿ ಮಾತ್ರ ಶಿಸ್ತಾಗಿ ಕೂತಿರುವ ಸಭಿಕರೇ,

ನಾನು ಭಾಷಣಕಾರನಲ್ಲ. ಹಲ್ಲಿನ ಸೆಟ್ ಮಾಡುವವನು. ಈ ಸಭಾಂಗಣದಲ್ಲಿ ಯಾರಾದರೂ ಬಾಯಿ ತುಂಬ ನಕ್ಕರೆ ಅದರಲ್ಲಿ ನನ್ನ ಕೈಕೆಲಸ ಎಷ್ಟಿದೆ ಎಂದು ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ಗಾಬರಿ ಬೇಡ, ಯಾರನ್ನೂ ತೋರಿಸುವುದಿಲ್ಲ. ಆದರೆ ಎರಡನೇ ಸಾಲಿನಲ್ಲಿ ಕೈ ಅಡ್ಡ ಹಿಡಿದು ನಗುತ್ತಿರುವ ಹಿರಿಯರು ದಯವಿಟ್ಟು ಕೈ ತೆಗೆಯಬೇಕು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಮುಚ್ಚಿಟ್ಟುಕೊಂಡರೆ ನನಗೆ ಬೇಜಾರಾಗುತ್ತದೆ.

ನನಗೆ ಕೊಟ್ಟಿರುವ ವಿಷಯ ‘ಹವಾಮಾನ ಬದಲಾವಣೆ ಮತ್ತು ನಾಗರಿಕರ ಕರ್ತವ್ಯ’. ವಿಷಯ ದೊಡ್ಡದು, ನಾನು ಸಣ್ಣವನು. ಆದ್ದರಿಂದ ನನಗೆ ಗೊತ್ತಿರುವ ಒಂದು ಬಸ್ಸಿನ ಕಥೆಯನ್ನಷ್ಟೇ ಹೇಳುತ್ತೇನೆ. ಹೊರಡುವ ಮುಂಚೆ ನಮ್ಮಾಕೆ ಒಂದು ಷರತ್ತು ಹಾಕಿದ್ದಾಳೆ. “ವೇದಿಕೆ ಮೇಲೆ ನನ್ನ ಸುದ್ದಿ ಎತ್ತಬೇಡಿ, ನಿಧಾನಮ್ಮನ ಬಗ್ಗೆ ಮಾತಾಡಿ ಇಳೀರಿ” ಎಂದಿದ್ದಾಳೆ. ಆಗಲಿ ಎಂದು ತಲೆಯಾಡಿಸಿ ಬಂದಿದ್ದೇನೆ.

ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆ ಪೇಪರ್ ಓದುವುದು ನನ್ನ ಕೆಲಸ, ಕೇಳುವುದು ಅವಳ ಕೆಲಸ. ಹೋದ ವರ್ಷ ಒಂದು ಬೆಳಿಗ್ಗೆ ಮೊದಲ ಪುಟದಲ್ಲಿ ದಪ್ಪಕ್ಷರದ ಸುದ್ದಿ ಬಂತು. ನಗರಸಭೆ ಹವಾಮಾನ ಕ್ರಿಯಾ ಯೋಜನೆಯ ಕರಡನ್ನು ಪ್ರಕಟಿಸಿದೆ, ಊರಿನ ಹೊಗೆಯನ್ನು ಅರ್ಧಕ್ಕರ್ಧ ಇಳಿಸುವುದು ಅದರ ಗುರಿ, ನಾಗರಿಕರು ತಮ್ಮ ಕಾರು ಸ್ಕೂಟರುಗಳನ್ನು ಮನೆಯಲ್ಲಿಟ್ಟು ಬಸ್ಸಿನಲ್ಲಿ ಓಡಾಡಬೇಕು ಎಂದಿತ್ತು. ಭೇಷ್ ಅಂದೆ. ಪುಟ ತಿರುಗಿಸಿದೆ. ಒಳಗೆ, ಮೂಲೆಯಲ್ಲಿ, ಇನ್ನೊಂದು ಸುದ್ದಿ. ಪ್ರಯಾಣಿಕರು ಸಾಲದ ಕಾರಣ ಗುಡ್ಡದ ಬಸ್ಸನ್ನು ನಿಲ್ಲಿಸುವ ಪ್ರಸ್ತಾವವಿದೆ. ಅದೇ ದಿನ, ಅದೇ ಪೇಪರ್, ಅದೇ ನಗರಸಭೆ!

ನಮ್ಮಾಕೆ ಲೋಟ ಕೆಳಗಿಟ್ಟಳು. “ಇವರೂ ಅವರೂ ಒಬ್ಬರೇನಾ?” ಅಂದಳು. “ಒಬ್ಬರೇ ಕಣೆ” ಅಂದೆ. “ಹಾಗಾದ್ರೆ ಒಬ್ಬರಿಗೊಬ್ಬರು ಮಾತಾಡಿಕೊಳ್ಳಲ್ವಾ?” ಅಂದಳು. ಇಲ್ಲಿರುವ ಅಧಿಕಾರಿಗಳು ನಗುತ್ತಿದ್ದಾರೆ. ಅವರೂ ಆಗ ಇದೇ ಪ್ರಶ್ನೆಯನ್ನು ತಮ್ಮ ಕಚೇರಿಯಲ್ಲಿ ಕೇಳಿದ್ದರಂತೆ, ಆಮೇಲೆ ಗೊತ್ತಾಯಿತು.

ನಿಜ ಹೇಳುತ್ತೇನೆ, ಇಂಥ ಸುದ್ದಿ ಓದಿದಾಗ ನಾವೇನು ಮಾಡುತ್ತೇವೆ? ‘ಛೆ’ ಎಂದು ಪೇಪರ್ ಮಡಿಸಿಡುತ್ತೇವೆ. ಎಲ್ಲೋ ಹಿಮ ಕರಗಿತಂತೆ, ಛೆ. ಎಲ್ಲೋ ಪ್ರವಾಹ ಬಂತಂತೆ, ಛೆ. ಲೋಕದಷ್ಟು ಹೊಗೆಯಲ್ಲಿ ನನ್ನ ಸ್ಕೂಟರಿನ ಹೊಗೆ ಯಾವ ಲೆಕ್ಕ ಎಂದು ನಾನೂ ಕೇಳಿಕೊಂಡವನೇ. ಆದರೆ ನನ್ನ ಕಸುಬಿನಲ್ಲಿ ನಾನು ದಿನಾ ನೋಡುವ ಒಂದು ಸಂಗತಿ ಇದೆ. ಒಂದೇ ಒಂದು ಹಲ್ಲು ಹೋದರೆ, ಹೋಗಲಿ ಬಿಡು, ಉಳಿದವು ಇವೆಯಲ್ಲ ಎಂದು ಜನ ಸುಮ್ಮನಾಗುತ್ತಾರೆ. ಪಕ್ಕದ ಹಲ್ಲು ಮೆಲ್ಲಗೆ ಆ ಸಂದಿಗೆ ವಾಲುತ್ತದೆ. ಎದುರಿನ ಹಲ್ಲು ಇಳಿಯುತ್ತದೆ. ಕೆಲವು ವರ್ಷ ಕಳೆದರೆ ಇಡೀ ಬಾಯಿಯ ಕಚ್ಚುವ ಲಯ ತಪ್ಪಿರುತ್ತದೆ. ಒಂದು ಬಸ್ಸು ಹೋದರೂ ಅಷ್ಟೇ. ಮಗಳಿಗೊಂದು ಸ್ಕೂಟರ್ ಬರುತ್ತದೆ, ಅಜ್ಜನಿಗೆ ಆಟೋ ಬರುತ್ತದೆ, ಪಕ್ಕದ ಮನೆಯವರಿಗೆ ಕಾರು ಬರುತ್ತದೆ. ಆಮೇಲೆ ಬಸ್ಸು ಬೇಕೆಂದರೂ ಅದಕ್ಕೆ ರಸ್ತೆಯಲ್ಲಿ ಜಾಗವೇ ಇರುವುದಿಲ್ಲ.

ಸರಿ, ಬಸ್ಸು ಉಳಿಸಲು ಒಂದು ಸಂಘ ಕಟ್ಟಿದೆವು. ಇದೇ ಶಾಲೆಯ ಮೂರನೇ ತರಗತಿಯ ಕೋಣೆಯಲ್ಲಿ, ಮಕ್ಕಳ ಬೆಂಚಿನ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಕೂತು ಕಟ್ಟಿದೆವು. ನನ್ನ ಷಡ್ಡಕರು ಬಾಗಿಲಲ್ಲೇ ನಿಂತಿದ್ದರು. ಅವರದು ಡ್ರೈವಿಂಗ್ ಸ್ಕೂಲು, ನಿಮಗೆಲ್ಲ ಗೊತ್ತು. ಈ ಬಡಾವಣೆಯಲ್ಲಿ ಕಾರು ಹಿಡಿದವರೆಲ್ಲ ಅವರಿಂದ ಬೈಸಿಕೊಂಡೇ ಹಿಡಿದವರು. “ಎಲ್ಲರೂ ಬಸ್ ಹತ್ತಿದ್ರೆ ನಾನು ಯಾರಿಗೆ ಕಲಿಸಲಿ? ನನ್ನ ಹೊಟ್ಟೆಗೇ ಕಲ್ಲು ಹಾಕೋ ಸಂಘಕ್ಕೆ ನಾನ್ಯಾಕೆ ಸೇರಲಿ?” ಅಂದರು. ಅದು ನ್ಯಾಯವಾದ ಮಾತು. ಅವರ ನಾದಿನಿ, ಅಂದರೆ ನಮ್ಮಾಕೆ, “ಭಾವ, ಬಸ್ ಓಡಿಸೋರಿಗೂ ಯಾರಾದ್ರೂ ಕಲಿಸಬೇಕಲ್ವಾ?” ಅಂದಳು. ಷಡ್ಡಕರು ಒಳಗೆ ಬಂದು ಬೆಂಚಿನ ತುದಿಗೆ ಕೂತರು. ಸೇರಿದೆ ಎಂದು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ.

ಇನ್ನು ನಮ್ಮ ಘನಕಾರ್ಯಕ್ಕೆ ಬರುತ್ತೇನೆ. ಅಧಿಕಾರಿಗಳು ಪ್ರಯಾಣಿಕರನ್ನು ಎಣಿಸಲು ಬರುತ್ತಾರೆ ಎಂದು ತಿಳಿಯಿತು. ಯಾವ ದಿನ ಯಾರು ಹತ್ತಬೇಕು ಎಂದು ಸರದಿ ಹಾಕಿದೆವು. ಆದರೆ ಉತ್ಸಾಹ ಎಂಬುದು ಸರದಿಯನ್ನು ಕೇಳುತ್ತದೆಯೇ? ಎಣಿಕೆಯ ಮೊದಲ ಬೆಳಿಗ್ಗೆ ಇಡೀ ಬಡಾವಣೆ ಗುಡ್ಡದ ತುದಿಯ ನಿಲ್ದಾಣಕ್ಕೆ ಬಂದುಬಿಟ್ಟಿತು. ಎಲ್ಲರೂ ಹತ್ತಿದರು. ಕೈಗೂಸು ಹತ್ತಿತು, ಕೋಲೂರುವ ಅಜ್ಜಿ ಹತ್ತಿದರು, ಯಾರದೋ ನಾಯಿಯೂ ಹತ್ತಿ ಇಳಿಯಿತು. ಅಧಿಕಾರಿಗಳು ಎಲ್ಲಿ ನಿಂತಿದ್ದರು? ಕೆಳಗೆ, ನೀರಿನ ಟ್ಯಾಂಕಿನ ನಿಲ್ದಾಣದಲ್ಲಿ. ಬಸ್ಸಿನಲ್ಲಿ ಉಸಿರಾಡಲೂ ಜಾಗವಿಲ್ಲ, ನಿಧಾನಮ್ಮನವರು ನಿಲ್ಲಿಸದೆ ಮುಂದೆ ಹೋದರು. ನಾವು ಕಿಟಕಿಯಿಂದ ಅಧಿಕಾರಿಗಳಿಗೆ ಕೈಬೀಸಿದೆವು. ಅವರು ಬರೆದುಕೊಂಡರು: ಈ ನಿಲ್ದಾಣದಲ್ಲಿ ಬಸ್ ಹತ್ತಿದವರು ಸೊನ್ನೆ.

ನಗಿ, ನಗಿ. ಅವತ್ತು ಯಾರೂ ನಗಲಿಲ್ಲ. ದಿನಾ ಟ್ಯಾಂಕಿನ ಹತ್ತಿರ ಹತ್ತುತ್ತಿದ್ದ ಆಸ್ಪತ್ರೆಯ ನರ್ಸಮ್ಮ ಅವತ್ತು ನಡೆದುಕೊಂಡು ಡ್ಯೂಟಿಗೆ ಹೋದರು. ಸಂಜೆ ಬಂದು, “ಬಸ್ ಉಳಿಸ್ತೀವಿ ಅಂತ ನನ್ನ ಬಸ್ಸನ್ನೇ ಕಿತ್ತುಕೊಂಡ್ರಲ್ಲಾ” ಎಂದು ನಮ್ಮ ಮುಖಕ್ಕೆ ಮಂಗಳಾರತಿ ಎತ್ತಿದರು. ಆಗ ನಮ್ಮಾಕೆ ಹೇಳಿದಳು, “ಕೆಲಸ ಇಲ್ದೆ ಯಾರೂ ಹತ್ತಬೇಡಿ. ಇರೋ ಕೆಲಸವನ್ನ ಬಸ್ಸಿನ ಹೊತ್ತಿಗೆ ಇಟ್ಕೊಳ್ಳಿ.”

ಎಷ್ಟು ಸರಳ! ಕ್ಲಿನಿಕ್ಕುಗಳಿಗೆ ಹಲ್ಲಿನ ಸೆಟ್ ಮುಟ್ಟಿಸಲು ಮನಸ್ಸು ಬಂದಾಗಲೆಲ್ಲ ಸ್ಕೂಟರ್ ಹತ್ತುತ್ತಿದ್ದ ನಾನು, ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹೊರಡಲು ಶುರುಮಾಡಿದೆ. ಒಮ್ಮೆ ಡಬ್ಬಿಯನ್ನು ಸೀಟಿನ ಮೇಲೆ ಮರೆತೆ. ತನ್ನ ಊಟದ ಡಬ್ಬಿ ಎಂದುಕೊಂಡು ತೆರೆದ ಕಾಲೇಜು ಹುಡುಗಿ ಕಿರುಚಿದ ರೀತಿಗೆ ನಿಧಾನಮ್ಮನವರು ಜೀವನದಲ್ಲಿ ಮೊದಲ ಸಲ ಗಕ್ಕನೆ ಬ್ರೇಕ್ ಹಾಕಿದರು. ಷಡ್ಡಕರೂ ಹತ್ತಿದರು. ಮುಂದಿನ ಸೀಟಿನಲ್ಲಿ ಕೂತು, ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಿದ್ದರು. ಜೀವಮಾನವಿಡೀ ಕಲಿಯುವವರ ಪಕ್ಕದಲ್ಲಿ ಕೂತ ಕಾಲು ಅದು, ಏನು ಮಾಡೀತು? ನಿಧಾನಮ್ಮನವರು ಕನ್ನಡಿಯಲ್ಲಿ ನೋಡಿ, “ಅಣ್ಣಾ, ನೆಲ ತೂತಾದ್ರೆ ರಿಪೇರಿ ನಿಮ್ಮದೇ” ಅಂದರು. ಈಗ ಷಡ್ಡಕರು ಬಸ್ ಓಡಿಸಲು ಕಲಿಸುವ ಪರವಾನಗಿಗೆ ಅರ್ಜಿ ಹಾಕಿದ್ದಾರೆ. ಇದನ್ನೂ ಬಾಯಿಬಿಟ್ಟು ಹೇಳಿಲ್ಲ, ನಾನೇ ಹೇಳುತ್ತಿದ್ದೇನೆ.

ಆಮೇಲೆ ಸಾರ್ವಜನಿಕ ಅಹವಾಲಿನ ದಿನ ಬಂತು. ಸ್ನೇಹಿತರೇ, ಇದನ್ನು ಗಮನವಿಟ್ಟು ಕೇಳಬೇಕು. ಸರ್ಕಾರವಾಗಲಿ ನಗರಸಭೆಯಾಗಲಿ ಕರಡು ಹೊರಡಿಸಿದಾಗ ‘ಆಕ್ಷೇಪಣೆ ಇದ್ದರೆ ತಿಳಿಸಿ’ ಎಂದು ಕೊನೆಯಲ್ಲಿ ಒಂದು ಸಾಲು ಇರುತ್ತದೆ. ನಾವು ಅಲ್ಲಿಯವರೆಗೆ ಓದುವುದೇ ಇಲ್ಲ. ಓದಿ. ತಾರೀಖು ನೋಡಿಟ್ಟುಕೊಳ್ಳಿ. ಹೋಗಿ. ಅಲ್ಲಿ ಕುರ್ಚಿಗಳು ಖಾಲಿ ಇರುತ್ತವೆ. ಖಾಲಿ ಕುರ್ಚಿಗಳನ್ನು ನೋಡಿ ಅಧಿಕಾರಿಗಳು ಒಪ್ಪಿಗೆ ಎಂದುಕೊಂಡರೆ ಅದು ಅವರ ತಪ್ಪೇ?

ಅವತ್ತು ನಮ್ಮ ಪರವಾಗಿ ನಮ್ಮಾಕೆ ಎದ್ದು ನಿಂತಳು. ಎದುರಿಗೆ ಉದ್ದನೆಯ ಮೇಜು, ಸಾಲಾಗಿ ದೊಡ್ಡ ಮನುಷ್ಯರು. ಇವಳ ಕೈಯಲ್ಲಿ ಏನೂ ಇಲ್ಲ. “ನಿಮ್ಮ ಯೋಜನೆ ಒಳ್ಳೇದಿದೆ. ಅದನ್ನ ನಾನು ಪೂರ್ತಿ ಕೇಳಿದೀನಿ. ಹೊಗೆ ಕಮ್ಮಿ ಆಗಬೇಕು ಅಂತ ನಿಮಗಿಂತ ನನಗೆ ಜಾಸ್ತಿ ಆಸೆ, ನಮ್ಮ ಮನೆ ಇರೋದು ತಿರುವಿನಲ್ಲಿ. ಆದ್ರೆ ಮನೆಯಿಂದ ಆಚೆ ಬರೋಕೆ ನಮಗಿರೋ ದಾರೀನೇ ತೆಗೆದುಬಿಟ್ಟು ಯೋಜನೆ ಮಾಡಿದ್ರೆ, ನಾವು ಆ ಯೋಜನೆ ಒಳಗೆ ಇದೀವಾ, ಹೊರಗೆ ಇದೀವಾ, ಅದನ್ನ ಹೇಳಿ” ಅಂದಳು. ಬಸ್ಸು ಒಂದು ವರ್ಷಕ್ಕೆ ಉಳಿಯಿತು. ಹೊರಗೆ ಬಂದಾಗ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಒಂದು ಚೀಟಿಯೂ ಇಲ್ಲದೆ ಎಷ್ಟು ಚೆನ್ನಾಗಿ ಮಾತಾಡಿದರು, ಏನು ಜ್ಞಾಪಕಶಕ್ತಿ ಅಂದರು. ಚೀಟಿ ಕೊಟ್ಟಿದ್ದರೆ ತಾನೇ ಅವಳು ಹೇಗೆ ಓದಿಯಾಳು, ಅಕ್ಷರ ಕಾಣುವುದು ನಿಂತು ಎಷ್ಟು ದಿನವಾಯಿತು...

ಕ್ಷಮಿಸಿ. ಸ್ವಲ್ಪ ನೀರು ಕುಡಿಯುತ್ತೇನೆ.

ಹೇಳಬಾರದಿತ್ತು. ಬಾಯಿ ಜಾರಿತು. ಊರಿನ ಬಾಯನ್ನೆಲ್ಲ ಸರಿಮಾಡುವವನಿಗೆ ತನ್ನ ಬಾಯಿಯೇ ಹತೋಟಿಯಲ್ಲಿಲ್ಲ. ಷಡ್ಡಕರೇ, ನೀವು ಹಾಗೆ ಅವಳ ಕಡೆ ತಿರುಗಿ ನೋಡಬೇಡಿ. ಹೌದು, ‘ಒಂದು ತಿಂಗಳು ಬಾ, ನಿನಗೂ ಕಾರು ಕಲಿಸಿಬಿಡ್ತೀನಿ’ ಎಂದು ನೀವು ಕರೆದಾಗಲೆಲ್ಲ ನಿಮ್ಮ ನಾದಿನಿ ನಕ್ಕು ಮಾತು ಹಾರಿಸುತ್ತಿದ್ದದ್ದು ಇದಕ್ಕೇ. ಕಣ್ಣಿನ ನರ ಸೊರಗುತ್ತಿದೆ. ಬೆಳಕು ತಿಳಿಯುತ್ತದೆ, ಎದುರಿಗೆ ಯಾರೋ ಇದ್ದಾರೆ ಎಂದು ತಿಳಿಯುತ್ತದೆ, ಯಾರು ಎಂದು ತಿಳಿಯುವುದಿಲ್ಲ. ಯಾರಿಗೂ ಹೇಳಬೇಡಿ ಅಂದಿದ್ದಳು. “ಹೇಳಿದ್ರೆ ನಾಳೆಯಿಂದ ಎಲ್ಲರೂ ಕೈ ಹಿಡ್ಕೊಳ್ತಾರೆ” ಅಂದಿದ್ದಳು.

ನಾನು ಕೇಳದೆ ಇರಲಿಲ್ಲ. ಸ್ಕೂಟರಿನಲ್ಲಿ ನಾನೇ ಬಿಟ್ಟು ಬರುತ್ತೇನೆ, ಬಸ್ಸಿಗ್ಯಾಕೆ ಇಷ್ಟು ಒದ್ದಾಡುತ್ತೀಯ ಎಂದು ಕೇಳಿದ್ದೆ. ಅದಕ್ಕವಳು, “ಸ್ಕೂಟರಲ್ಲಿ ಹೋದ್ರೆ ನೀವು ಕರ್ಕೊಂಡು ಹೋದ ಹಾಗೆ ಆಗುತ್ತೆ. ಬಸ್ಸಲ್ಲಿ ಹೋದ್ರೆ ನಾನೇ ಹೋಗಿಬಂದ ಹಾಗೆ” ಅಂದಳು. ಮೈ ಎಡಕ್ಕೆ ವಾಲಿದರೆ ಟ್ಯಾಂಕು, ಬಲಕ್ಕೆ ವಾಲಿದರೆ ಆಸ್ಪತ್ರೆ, ಬ್ರೆಡ್ಡಿನ ವಾಸನೆ ಬಂದರೆ ಮಾರುಕಟ್ಟೆ. ಅವಳಿಗೆ ಇಡೀ ಊರು ಆ ಬಸ್ಸಿನೊಳಗಿದೆ. ನನಗೆ ಅವಳನ್ನು ಒಬ್ಬಳೇ ಕಳಿಸಲು ಎಷ್ಟು ಭಯವಾಗುತ್ತದೆ ಎಂದು ಅವಳಿಗೆ ಗೊತ್ತಿಲ್ಲ. ಈಗ ಗೊತ್ತಾಯಿತು.

ಇಷ್ಟು ಹೇಳಿದ ಮೇಲೆ ನಿಧಾನಮ್ಮನವರ ಮಾತನ್ನೂ ಹೇಳಿಬಿಡುತ್ತೇನೆ. ಅವರಿಗೆ ನಾವು ಯಾರೂ ಏನೂ ಹೇಳಿರಲಿಲ್ಲ. ಆದರೆ ಎಷ್ಟೋ ದಿನ ಬಾಲ್ಕನಿಯಲ್ಲಿ ನಿಂತು ನಾನು ನೋಡಿದ್ದೇನೆ. ನಮ್ಮ ನಿಲ್ದಾಣದಲ್ಲಿ ಬಸ್ಸಿನ ಬಾಗಿಲು ಒಂದು ಗೇಣೂ ಆಚೀಚೆ ಆಗದೆ ನಮ್ಮಾಕೆ ಕಾಲಿನಿಂದ ಗುರುತು ಹಿಡಿದು ನಿಲ್ಲುವ ಅದೇ ಮುಕ್ಕಾದ ಕಲ್ಲಿನ ಎದುರು ಬಂದು ನಿಲ್ಲುತ್ತದೆ. ನಮ್ಮಾಕೆ ಸೀಟು ಹುಡುಕಿ ಕೂರುವವರೆಗೆ ಬಸ್ಸು ಅಲ್ಲಾಡುವುದಿಲ್ಲ. ಹಿಂದಿನ ಕಾರುಗಳವರು ಹಾರನ್ ಹೊಡೆಯುತ್ತಾರೆ, ಬೈಯುತ್ತಾರೆ, ನಿಧಾನಮ್ಮ ಎಂದು ಹೆಸರಿಟ್ಟು ಆಡಿಕೊಳ್ಳುತ್ತಾರೆ. ಅವರು ಕನ್ನಡಿ ಒರೆಸುತ್ತಾ ಕೂತಿರುತ್ತಾರೆ. ಅಮ್ಮಾ, ಇಷ್ಟು ದಿನ ನಿಮಗೆ ಕೃತಜ್ಞತೆ ಹೇಳಲಾಗಲಿಲ್ಲ. ಹೇಳಿದರೆ ಗುಟ್ಟು ಹೊರಗೆ ಬರುತ್ತಿತ್ತು. ಈಗ ನಾನೇ ಅದನ್ನು ಊರಿಗೆಲ್ಲ ಹಂಚಿದ್ದೇನೆ. ಆದ್ದರಿಂದ ಎಲ್ಲರ ಎದುರಿಗೇ ಹೇಳುತ್ತೇನೆ, ನಿಮ್ಮಿಂದ ದೊಡ್ಡ ಉಪಕಾರವಾಯಿತು.

ಈ ವಾರದ ಪೇಪರಿನಲ್ಲಿ ಮತ್ತೆ ಸುದ್ದಿ ಬಂದಿದೆ. ಒಂದು ವರ್ಷ ಮುಗಿಯಿತು, ಗುಡ್ಡದ ಬಸ್ಸಿನ ಮರುಪರಿಶೀಲನೆ. ಬಸ್ಸಿನ ಬದಲು ಫೋನು ಮಾಡಿದರೆ ಬರುವ ಸಣ್ಣ ವ್ಯಾನು ಸಾಕೇ ಎಂಬ ಯೋಚನೆಯೂ ಇದೆ. ವ್ಯಾನೂ ಹೊಗೆ ಕಮ್ಮಿ ಮಾಡೀತು, ನಾನು ಇಲ್ಲವೆನ್ನುವುದಿಲ್ಲ. ಆದರೆ ಫೋನಿನ ಪರದೆ ನೋಡಲಾರದವರು ಅದನ್ನು ಹೇಗೆ ಕರೆಯಬೇಕು, ಅದು ಎಲ್ಲಿ ಬಂದು ನಿಲ್ಲುತ್ತದೆ, ಯಾರಾದರೂ ಕೇಳಬೇಕಲ್ಲ? ಬರುವ ಸೋಮವಾರ ಅಹವಾಲು ಇದೆ. ಬೆಳಗಿನ ಬಸ್ಸಿನಲ್ಲೇ ಹೋಗೋಣ. ಟ್ಯಾಂಕಿನ ನಿಲ್ದಾಣದವರಿಗೆ ಜಾಗ ಬಿಟ್ಟು ಹತ್ತೋಣ.

ಈಗ ನಿಧಾನಮ್ಮನವರಿಗೆ ಹೂಗುಚ್ಛ ಕೊಡುವ ಕಾರ್ಯಕ್ರಮ. ಕೊಡುವವಳು ನಮ್ಮಾಕೆ. ಮಧ್ಯಾಹ್ನ ನಾವು ಕುರ್ಚಿ ಹಾಕುತ್ತಿದ್ದಾಗ ಅವಳು ಒಬ್ಬಳೇ ಈ ವೇದಿಕೆಯ ಮೆಟ್ಟಿಲನ್ನು ಹತ್ತಿ ಇಳಿದು ನೋಡಿಕೊಳ್ಳುತ್ತಿದ್ದಳು. ನಾನು ಕಂಡೂ ಕಾಣದವನಂತೆ ಕುರ್ಚಿ ಎಣಿಸುತ್ತಾ ನಿಂತಿದ್ದೆ. ಈಗ ನಿಮ್ಮೆಲ್ಲರಲ್ಲಿ ನನ್ನದೊಂದು ಪ್ರಾರ್ಥನೆ. ಕೈ ಕೊಡಲು ದಯವಿಟ್ಟು ಯಾರೂ ಏಳಬೇಡಿ. ಷಡ್ಡಕರೇ, ನೀವೂ ಕೂತುಕೊಳ್ಳಿ. ನಾನೂ ಈ ಮೈಕನ್ನು ಗಟ್ಟಿಯಾಗಿ ಹಿಡಿದುಕೊಂಡು ಇಲ್ಲೇ ನಿಂತಿರುತ್ತೇನೆ. ಚಪ್ಪಾಳೆಯನ್ನು ಅವಳು ಮೇಲೆ ಬಂದ ಮೇಲೆ ಹೊಡೆಯಿರಿ. ಮೊದಲೇ ಹೊಡೆದರೆ ಅವಳಿಗೆ ತನ್ನ ಹೆಜ್ಜೆಯ ಸದ್ದು ಕೇಳಿಸುವುದಿಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ, ಈಗ ಸ್ವಲ್ಪ ಹೊತ್ತು ಸುಮ್ಮನಿರುವುದಕ್ಕೆ, ಎರಡಕ್ಕೂ ಸೇರಿಸಿ ನಿಮಗೆಲ್ಲ ಧನ್ಯವಾದ. ನಮಸ್ಕಾರ.