ಸರಪಳಿಯ ಮೇಲೆ ಐದು ಬಿಳಿ ಬಟ್ಟೆಗಳು ಇರಲಿಲ್ಲ

ಹೆಸರು: ಹಿಸಾನೊ ತೊಚಿನೊ, ದಿವಂಗತ ತೊಕುಜೊ ಅವರ ಪತ್ನಿ. ವಯಸ್ಸು: 76. ಕಸುಬು: ಪರ್ಸಿಮನ್ ಹಣ್ಣು ಒಣಗಿಸಿ ಮಾರುವುದು. ವಾಸ: ಕುರುಮಿಹಾರ ಹಳ್ಳಿಯ ಕೊನೆಯ ಮನೆ.

ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಅಡುಗೆಮನೆ ಕಿಟಕಿಯಿಂದ 42 ಮೀಟರ್ ದೂರದಲ್ಲಿ ಕಾಡಿನ ದಾರಿಗೆ ಅಡ್ಡಲಾಗಿ ಒಂದು ಸರಪಳಿ ಇದೆ. ಹಳೆಯ ಫ್ರಿಜ್ಜು, ಟೈರು ತಂದು ಕಾಡಿಗೆ ಸುರಿಯುವವರನ್ನು ತಡೆಯಲು ಅರಣ್ಯ ಸಂಘದವರು ಹಾಕಿದ್ದು. ಕತ್ತಲಲ್ಲಿ ಕಾಣಲೆಂದು ನನ್ನ ಗಂಡ ಅದಕ್ಕೆ ಐದು ಬಿಳಿ ಕೈವಸ್ತ್ರ ಕಟ್ಟುತ್ತಿದ್ದರು. ಅವರು ತೀರಿಕೊಂಡ ಮೇಲೆ, ನಾಲ್ಕು ವರ್ಷಗಳಿಂದ, ನಾನು ಕಟ್ಟುತ್ತಿದ್ದೇನೆ.

ಪೇಟೆಯ ತೋಫು ಅಂಗಡಿಯಲ್ಲಿ ಕೆಲಸಕ್ಕಿರುವ ಶುಕಿಚಿ ನಗುರಾ, 52 ವರ್ಷ, ತೋಫು ಮಾರಲು ವಾರಕ್ಕೆ ಎರಡು ಸಲ ಆ ದಾರಿಯಲ್ಲಿ ಸ್ಕೂಟರ್‌ನಲ್ಲಿ ಬರುತ್ತಿದ್ದರು. ಬಟ್ಟೆ ಕಂಡರೆ ಇಳಿದು, ಕಂಬದ ಪಕ್ಕದ ಸಂದಿಯಲ್ಲಿ ಗಾಡಿ ತಳ್ಳಿಕೊಂಡು ಬರುತ್ತಿದ್ದರು. ಮರ ಸಾಗಿಸುವ ದಿನ ಸಂಘದವರು ಬಟ್ಟೆ ಬಿಚ್ಚಿ ಸರಪಳಿ ಕೆಳಗಿಳಿಸುವುದರಿಂದ, ಬಟ್ಟೆ ಕಾಣದಿದ್ದರೆ ನೇರ ಬರುತ್ತಿದ್ದರು. "ಅಜ್ಜೀ, ನಿಮ್ಮ ಸರಪಳಿ ನಿಮಗಿಂತ ಜಾಸ್ತಿ ಸಿಂಗಾರ ಮಾಡ್ಕೊಂಡಿದೆ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಎಷ್ಟೋ ವಾರ ನನ್ನೊಡನೆ ಮಾತನಾಡಿದ ಮನುಷ್ಯರು ಅವರೊಬ್ಬರೇ.

ಡಿಸೆಂಬರ್ 28ರ ಮಧ್ಯಾಹ್ನ 3ಕ್ಕೆ, ವರ್ಷಾಂತ್ಯದ ಸ್ವಚ್ಛತೆಯಲ್ಲಿ, ಬಟ್ಟೆಗಳು ಕೊಳೆಯಾಗಿವೆಯೆಂದು ಬಿಚ್ಚಿ ಒಗೆದೆ. ಮರುದಿನ ಬೆಳಿಗ್ಗೆ ಒಣಗಿದ್ದವು. ಆದರೆ 29ರಂದು ನಮ್ಮಲ್ಲಿ ಹೊಸವರ್ಷಕ್ಕೆಂದು ಏನನ್ನೂ ಕಟ್ಟುವುದಿಲ್ಲ. ನಮ್ಮ ಮಾತಿನಲ್ಲಿ ಒಂಬತ್ತು ಎಂದರೆ ಕಷ್ಟ ಎಂದೂ ಕೇಳಿಸುವುದರಿಂದ, ಕಟ್ಟಿದರೆ ಕಷ್ಟವನ್ನೇ ಕಟ್ಟಿಕೊಂಡಂತೆ ಎಂದು ನನ್ನತ್ತೆ ಹೇಳುತ್ತಿದ್ದರು. 30ಕ್ಕೆ ಕಟ್ಟಿದರಾಯಿತೆಂದು ಮಡಚಿ ಒಲೆಯ ಪಕ್ಕ ಇಟ್ಟೆ. ಸರಪಳಿಗೆ ಶಕುನ ನೋಡಿದ ನನ್ನ ಬುದ್ಧಿಗೆ ಏನು ಹೇಳಲಿ.

ಅದೇ 29ರ ಸಂಜೆ 5 ಗಂಟೆ 10 ನಿಮಿಷಕ್ಕೆ, ಕತ್ತಲಾದ ಮೇಲೆ, ಗಾಡಿ ಬಿದ್ದ ಸದ್ದಾಯಿತು. ಓಡಿದೆ. ಶುಕಿಚಿ ಸರಪಳಿಯಿಂದ ಮೂರು ಮೀಟರ್ ಆಚೆ ಬಿದ್ದಿದ್ದರು. "ಬರ್ಬೇಡಿ ಅಜ್ಜೀ, ಮಂಜು ಜಾರುತ್ತೆ" ಎಂದು ಅವರೇ ನನಗೆ ಕೂಗಿದರು. ಗದ್ದ ಸೀಳಿತ್ತು. ಮನೆಗೆ ಮರಳಿ ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಕೈಗೆ ಸಿಕ್ಕಿದ್ದು ಒಲೆಯ ಪಕ್ಕ ಒಗೆದಿಟ್ಟ ಆ ಐದು ಬಟ್ಟೆಗಳೇ. ಅವನ್ನೇ ತಂದು ಗಾಯಕ್ಕೆ ಒತ್ತಿ ಹಿಡಿದೆ. ಆಂಬುಲೆನ್ಸ್ ಬರಲು 34 ನಿಮಿಷ ಹಿಡಿಯಿತು. ನಾನು ತರಲು ಹೇಳಿದ್ದ ಎರಡು ತುಂಡು ಕರಿದ ತೋಫು ಮಂಜಿನ ಮೇಲೆ ಬಿದ್ದಿತ್ತು. ಒಂದು ನನಗೆ, ಒಂದು ಗಂಡನ ಪಟದ ಮುಂದೆ ಇಡಲು.

ಜನವರಿ 3ರಂದು ಆಸ್ಪತ್ರೆಗೆ ಹೋದೆ. ಅವರ ಭುಜದ ಎಲುಬು ಮುರಿದಿದೆ. "ಬಟ್ಟೆ ಇತ್ತು, ನಾನೇ ನೋಡ್ಲಿಲ್ಲ ಅಂತ ಪೊಲೀಸರಿಗೆ ಹೇಳಿಬಿಟ್ಟಿದ್ದೀನಿ. ನೀವೂ ಹಾಗೇ ಅನ್ನಿ. ಈ ವಯಸ್ಸಲ್ಲಿ ನಿಮಗ್ಯಾಕೆ ಠಾಣೆ" ಎಂದರು. ಹೊರಗೆ ಅವರ ಹೆಂಡತಿ ಹೇಳಿದ ಪ್ರಕಾರ, ತಪ್ಪು ಶುಕಿಚಿಯದೇ ಎಂದಾದರೆ ಅಂಗಡಿಯವರು 10ನೇ ತಾರೀಖಿನಿಂದ ಅವರ ಜಾಗಕ್ಕೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ.

ಆದ್ದರಿಂದ ಬಂದು ಹೇಳುತ್ತಿದ್ದೇನೆ: ಅವರ ಹೇಳಿಕೆ ಸುಳ್ಳು. ಬಟ್ಟೆ ಇರಲಿಲ್ಲ. ತಪ್ಪು ನನ್ನದು.

ಹಾಗೆ ಬರೆಸಿದರೆ ಸಂಘದವರು ಸರಪಳಿ ತೆಗೆದು, ಬೆಳಕಿಗೆ ಹೊಳೆಯುವ ಪಟ್ಟಿಯ ಕಬ್ಬಿಣದ ಗೇಟು ಹಾಕಿ, ಸಂದಿಯನ್ನೂ ಮುಚ್ಚುತ್ತಾರೆಂದು ಪೇದೆಯವರು ತಿಳಿಸಿದರು. ಗೇಟು ಒಳ್ಳೆಯದೇ, ಮೊದಲೇ ಹಾಕಬೇಕಿತ್ತು. ಸಂದಿ ಮುಚ್ಚಿದರೆ ತೋಫು ಗಾಡಿ 11 ಕಿಲೋಮೀಟರ್ ಸುತ್ತಿ ಬರಬೇಕು. ಎರಡು ತುಂಡಿಗಾಗಿ ಯಾರೂ ಅಷ್ಟು ಸುತ್ತುವುದಿಲ್ಲ. ಇದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಗೇಟು ಬರುವವರೆಗೆ ಸರಪಳಿಗೆ ನನ್ನ ಬಿಳಿ ಏಪ್ರನ್ ಕಟ್ಟಿದ್ದೇನೆ. ದಿನವೂ ಕತ್ತಲಾಗುವ ಹೊತ್ತಿಗೆ ಕಿಟಕಿಯಿಂದ ನೋಡುತ್ತೇನೆ. ಕಾಣುತ್ತದೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಕುರುಮಿಹಾರ ಹೊರಠಾಣೆ
ದಿನಾಂಕ: ಜನವರಿ 4
ಸಹಿ: ಹಿಸಾನೊ ತೊಚಿನೊ