ಹೊಳೆದಂಡೆಯ ಖಾಲಿ ರಸ್ತೆ

ದೋಣಿಗೆ ಕಾಯುತ್ತಿದ್ದ ಔಷಧಿ ಅಂಗಡಿಯವನ ಮುಂದೆ, ಬಸ್ ಡ್ರೈವರನೂ ಅವನ ಹೆಂಡತಿಯೂ ಸೈಕಲ್ಲುಗಳನ್ನು ಹಿಡಿದು ನಿಂತಿದ್ದರು. ಡ್ರೈವರನೇ ಮಾತು ತೆಗೆದ.

“ದೋಣಿ ಬಂತು ನೋಡು. ದಾಟಿದ್ರೆ ಮನೆ. ಹೋದ ವಾರ ಪೇಟೇಲಿ ಲಾರಿ ಹಾರ್ನಿಗೆ ಬೆಚ್ಚಿ ಬಿದ್ದವಳು ಇಷ್ಟು ತುಳಿದಿದ್ದೇ ಹೆಚ್ಚು.”

“ಇನ್ನು ಸೈಕಲ್ ಮುಟ್ಟಲ್ಲ ಅಂತ ಆಣೆ ಬೇರೆ ಇಟ್ಟಿದ್ದೆ. ರೀ, ಈ ರಸ್ತೇಲಿ ಒಂದು ಗಾಡೀನೂ ಬರ್ಲಿಲ್ವಲ್ಲ!”

“ಹೊಸ ಸೇತುವೆ ಆದ್ಮೇಲೆ ಈ ಕಡೆ ಯಾರೂ ತಲೆ ಹಾಕಲ್ಲ.”

“ಆ ಬೆಳ್ಳಕ್ಕಿಗಳನ್ನ ನೋಡಿದ್ರಾ? ನಡುರಸ್ತೇಲಿ ನಿಂತ್ಕೊಂಡು, ನಿಮ್ಮಮ್ಮನ ಹಾಗೇ ನನ್ನ ದುರುಗುಟ್ಕೊಂಡು ನೋಡ್ತಿದ್ವು.”

“ಬೆಲ್ ಹೊಡೀಬೇಕಿತ್ತು.”

“ಯಾರಿಗೆ, ಅಮ್ಮಂಗಾ?”

ಡ್ರೈವರ್ ನಕ್ಕ. ಅವಳ ದನಿ ತಗ್ಗಿತು.

“ಆಮೇಲೆ ಎಲ್ಲಾ ಒಟ್ಟಿಗೆ ಎದ್ವಲ್ಲ, ರೆಕ್ಕೆ ಸದ್ದು ಕೇಳಿಸ್ತು ರೀ. ಹೊಳೆ ಹರಿಯೋ ಸದ್ದೂ ಕೇಳಿಸ್ತು. ಮದುವೆಯಾಗಿ ಬಂದಾಗಿಂದ ಇದೇ ಹೊಳೆ ಪಕ್ಕ ಇದ್ದೀನಿ, ಅದಕ್ಕೂ ದನಿ ಇದೆ ಅಂತ ಇವತ್ತೇ ಗೊತ್ತಾಗಿದ್ದು.”

ಹಗಲೆಲ್ಲ ಹಾರ್ನ್ ಒತ್ತುವ ಡ್ರೈವರ್ ಹೊಳೆಯ ಕಡೆ ತಿರುಗಿದ.

“ನಂಗೂ ಅಷ್ಟೇ,” ಎಂದ. “ಸರಿ, ಹತ್ತು. ದೋಣಿ ಕಾಯಲ್ಲ.”

“ನೀವು ಬೇಕಾದ್ರೆ ಹತ್ತಿ. ನಾನು ಬಂದ ದಾರೀಲೇ ವಾಪಸ್ ಹೋಗ್ತೀನಿ.”

“ಬಿದ್ರೆ?”

“ಎತ್ತೋಕೆ ನೀವಿರ್ತೀರಲ್ಲ.”

ಅವಳು ಸೈಕಲ್ ತಿರುಗಿಸಿ ಹೊರಟೇಬಿಟ್ಟಳು. ತಿರುವಿನಲ್ಲಿ ಬಲಗೈ ಚಾಚಿ, ಯಾರೂ ಇಲ್ಲದ ರಸ್ತೆಗೆ ತಾನು ತಿರುಗುವುದನ್ನು ತಿಳಿಸಿದಳು. ಹಿಂದೆಯೇ ಹೋದ ಡ್ರೈವರನೂ ಅಷ್ಟೇ ಭಕ್ತಿಯಿಂದ ಕೈ ಚಾಚಿದ.

ದೋಣಿಯವನು ಎರಡು ಸಲ ಕರೆದದ್ದು ಔಷಧಿ ಅಂಗಡಿಯವನಿಗೆ ಕೇಳಿಸಲಿಲ್ಲ. ಅವನು ಹೊಳೆಗೆ ಕಿವಿಗೊಟ್ಟಿದ್ದ.