ಕಲ್ಲೊಡೆಯುವ ತಾತ ಬಿಡದ ಉಸಿರು

ನಾನು ಕತೆ ಕಟ್ಟುವವಳಲ್ಲ. ಇದು ನನ್ನ ದೊಡ್ಡಮ್ಮನ ಮಗಳಿಗೆ, ಅಂದರೆ ನನ್ನ ಅಕ್ಕನಿಗೆ, ನಡೆದದ್ದು.

ಆ ರಾತ್ರಿ ಅಕ್ಕ ಕೆಲಸ ಮುಗಿಸಿ, ಹಾಳುಬಾವಿಯ ಪಕ್ಕದ ಕಾಲುದಾರಿಯಲ್ಲಿ ಒಬ್ಬಳೇ ಬರುತ್ತಿದ್ದಳು. ಸೊಂಟದಲ್ಲಿ ಆಸ್ಪತ್ರೆಯ ಸ್ಕ್ಯಾನ್ ಕೋಣೆಗಿದ್ದ ಒಂದೇ ಬೀಗದ ಕೈ. ಚಪ್ಪಲಿಯ ಚರ್ ಚರ್ ಬಿಟ್ಟರೆ ಬೇರೆ ಸದ್ದಿಲ್ಲ. ಬಾವಿಯ ಹತ್ತಿರ ಬಂದಾಗ... ಹಿಂದೆ ಯಾರೋ ಉಸಿರೆಳೆದುಕೊಂಡರು. ಸುಂಯ್... ಎಂದು, ಉದ್ದಕ್ಕೆ. ಕೊನೆಯಲ್ಲೊಂದು ಸಣ್ಣ ಸಿಳ್ಳೆ. ಎಳೆದ ಉಸಿರನ್ನು ಬಿಟ್ಟ ಸದ್ದು ಮಾತ್ರ ಬರಲಿಲ್ಲ.

ಆ ಸಿಳ್ಳೆಯ ಗುರುತು ಅಕ್ಕನಿಗೆ ಹತ್ತಿತು.

ಅಕ್ಕ ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಕೋಣೆಯಲ್ಲಿ ಆಯಾ. ಯಂತ್ರದಲ್ಲಿ ಮೊದಲೇ ತುಂಬಿಟ್ಟ ಧ್ವನಿ ಆಡುವ ಇಂಗ್ಲಿಷ್ ವಯಸ್ಸಾದವರಿಗೆ ತಿಳಿಯದು. ಆದ್ದರಿಂದ ಮೈಕಿನಲ್ಲಿ ಅಕ್ಕನೇ ಕೂಗಬೇಕು: "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಬಿಡಿ." ಶ್ವಾಸಕೋಶದ ಹಳೆಯ ಕಾಯಿಲೆಯವರಿಗೆ ಎರಡು ಚಿತ್ರ ತೆಗೆಯುತ್ತಾರೆ. ಉಸಿರು ತುಂಬಿಕೊಂಡಾಗ ಒಂದು, ಪೂರ್ತಿ ಬಿಟ್ಟಾಗ ಇನ್ನೊಂದು. ಚಿತ್ರದಲ್ಲಿ ಗಾಳಿ ಕಪ್ಪಾಗಿ ಕಾಣುತ್ತದೆ. ಉಸಿರು ಬಿಟ್ಟಾಗ ಒಳ್ಳೆಯ ಶ್ವಾಸಕೋಶ ಬೂದುಬಣ್ಣಕ್ಕೆ ತಿರುಗುತ್ತದೆ. ಕೆಟ್ಟಿರುವ ಕಡೆ ಗಾಳಿ ಹೊರಬರಲಾರದೆ ಕಪ್ಪಾಗಿಯೇ ಉಳಿಯುತ್ತದೆ. ಇದನ್ನು ಅಕ್ಕನಿಗೆ ಕಲಿಸಿದವರು ಯಂತ್ರ ನಡೆಸುವ ಟೆಕ್ನಿಷಿಯನ್. ಅಕ್ಕ ಅವರನ್ನು ಫೋಟೋ ಸಾರ್ ಎನ್ನುತ್ತಾಳೆ.

ಹದಿನೈದು ದಿನಗಳ ಹಿಂದೆ ಕಲ್ಲೊಡೆಯುವ ತಾತ ಬಂದಿದ್ದರು. ಎದೆ ತುಂಬ ಕಲ್ಲಿನ ಧೂಳು. ಉಸಿರೆಳೆದರೆ ಸಿಳ್ಳೆ.

"ನನ್ನೆದೇಲಿ ಕೊಳಲಿದೆ ಕಣಮ್ಮ. ನುಡಿಸೋಕೆ ಮಾತ್ರ ಬರಲ್ಲ," ಎಂದು ಎಲ್ಲರನ್ನೂ ನಗಿಸಿದ್ದರು.

ಮೊದಲ ಚಿತ್ರ ಆಯಿತು. ಅಷ್ಟರಲ್ಲಿ ಅಕ್ಕನ ಮಗಳ ಫೋನು ಬಂತು. "ಹಿಡ್ಕೊಳ್ಳಿ" ಎಂದವಳು ಫೋನಿನ ಮಾತಿಗೆ ಹೊರಳಿ, "ಬಿಡಿ" ಎನ್ನುವುದನ್ನೇ ಮರೆತಳು. ಹೇಳಿರುತ್ತಾಳೆಂದು ನಂಬಿ ಫೋಟೋ ಸಾರ್ ಎರಡನೆಯ ಸಲ ಗುಂಡಿ ಒತ್ತಿದರು. ತಾತ ನೀಲಿಗಟ್ಟಿದ ಮುಖದಲ್ಲಿ ಹೊರಬಂದರು.

"ಅಯ್ಯೋ, ಬಿಟ್ಬಿಡಬಾರದಿತ್ತಾ ತಾತ?"

"ನೀನು ಹೇಳ್ಲೇ ಇಲ್ವಲ್ಲ ತಾಯಿ."

ಎರಡೂ ಚಿತ್ರಗಳು ಒಂದೇ ಥರ ಬಂದವು. ಪೂರ್ತಿ ಕಪ್ಪು. ಗಾಳಿ ಎಲ್ಲಿ ಸಿಕ್ಕಿಕೊಂಡಿದೆಯೆಂದು ಡಾಕ್ಟರಿಗೆ ತಿಳಿಯಲಿಲ್ಲ. ಮತ್ತೆ ತೆಗೆಸಲು ಬರಬೇಕಿದ್ದ ದಿನದ ಮುನ್ನಾದಿನವೇ ತಾತ ತೀರಿಕೊಂಡರು. ಅಕ್ಕ ತನ್ನ ತಪ್ಪನ್ನು ಯಾರೊಡನೆಯೂ ಬಾಯಿಬಿಡಲಿಲ್ಲ.

ಈಗ ಅದೇ ಸಿಳ್ಳೆ... ಬಾವಿಯ ಬಳಿ.

ಅಕ್ಕನ ಉಸಿರೂ ಅಲ್ಲೇ ಕಟ್ಟಿತು. ಒಳಗೆ ಎಳೆದದ್ದು ಹೊರಗೆ ಹೋಗಲೊಲ್ಲದು. ಎದೆ ತಿದಿಯಂತೆ ಉಬ್ಬಿ ಬಿಗಿಯಿತು. ತಲೆಯೊಳಗೆ ದಬ್ ದಬ್ ಎಂದು ರಕ್ತದ ಸದ್ದು. ಕಿವಿಯ ಹಿಂದೆಯೇ ಪಿಸುಮಾತು...

"ತಾಯೀ... ಬಿಡ್ಲಾ?"

ಹೇಳಬೇಕು. ಹೇಳಲು ಉಸಿರು ಬೇಕು. ಉಸಿರೋ, ಹೊರಬರುತ್ತಿಲ್ಲ. ಮೊಣಕಾಲು ನೆಲಕ್ಕೆ ತಾಗಿತು. ಕಣ್ಣು ಕತ್ತಲಿಟ್ಟಿತು.

"ಬಿಡ್ಲಾ... ತಾಯೀ?"

ಅಕ್ಕ ಎರಡೂ ಕೈಗಳಿಂದ ತನ್ನೆದೆಯನ್ನು ತಾನೇ ಗುದ್ದಿಕೊಂಡಳು. ತುಟಿಯ ಸಂದಿನಿಂದ ಒಂದೆಳೆ ಗಾಳಿ ಹೊರಟಿತು.

"ಬಿ... ಡಿ... ತಾತ."

ಹಾ... ಎಂದು ಉದ್ದನೆಯ ಉಸಿರೊಂದು ಅವಳ ಕತ್ತಿನ ಮೇಲೆ ಹಾಯಿತು. ತಣ್ಣಗೆ. ಒಡೆದ ಕಲ್ಲಿನ ವಾಸನೆ. ಅದರೊಡನೆ ಅವಳ ಉಸಿರೂ ಬಿಟ್ಟಿತು. ತಿರುಗಿ ನೋಡದೆ ಓಡಿ ನಮ್ಮ ಮನೆ ಸೇರಿದಳು. ಬಾಗಿಲು ತೆರೆದವಳು ನಾನೇ. ಬಾವಿಯಿಂದ ನಮ್ಮ ಮನೆಗೆ ಐದು ನಿಮಿಷದ ಓಟ. ಗೋಡೆಯ ಗಡಿಯಾರದಲ್ಲಿ ಆಗ ಒಂಬತ್ತೂ ಕಾಲು.

ಬೆಳಿಗ್ಗೆ ನಾನೇ ಅಕ್ಕನ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ಅವಳೇ ಬೀಗ ತೆಗೆದಳು. ಯಂತ್ರದ ಮುಂದೆ ಕುಳಿತ ಫೋಟೋ ಸಾರ್ ರೇಗಿದರು.

"ಯಾರಮ್ಮ ರಾತ್ರಿ ಮೆಷಿನ್ ಓಡ್ಸಿದ್ದು?"

ತಾತನ ಹೆಸರಿನಡಿ ಮೂರನೆಯ ಚಿತ್ರವೊಂದು ಸೇರಿತ್ತು. ಉಸಿರು ಬಿಟ್ಟ ಚಿತ್ರ. ಎಲ್ಲ ಬೂದು, ಕೆಳಗಡೆ ಎರಡೂ ಬದಿಗೆ ಅಂಗೈಯಷ್ಟಗಲ ಕಪ್ಪು.

ಸುಳ್ಳಾಡಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಈ ಕಣ್ಣಿಂದಲೇ ನೋಡಿದೆ. ಚಿತ್ರದ ಮೂಲೆಯಲ್ಲಿ ವೇಳೆ ಅಚ್ಚಾಗಿತ್ತು... ರಾತ್ರಿ ಒಂಬತ್ತು ಗಂಟೆ ಹತ್ತು ನಿಮಿಷ.